ಎಲ್ಲ ತಂಡಗಳನ್ನೂ ಆಡಿಸಿದರೆ ಏನಾಗುತ್ತದೆ?

ಪ್ರಶ್ನೆ: ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ‘ಮಾರ್ಚ್ ಮ್ಯಾಡ್‌ನೆಸ್’ನಲ್ಲಿ 68 ತಂಡಗಳಷ್ಟೇ ಆಡುತ್ತವೆ. ಯಾರನ್ನು ಕೈಬಿಟ್ಟರು ಎಂದು ಪ್ರತಿವರ್ಷ ಜಗಳ. ಎಲ್ಲರನ್ನೂ ಸೇರಿಸಿಬಿಟ್ಟರೆ ತಕರಾರೇ ಇರುವುದಿಲ್ಲವಲ್ಲ?

ಉತ್ತರ: ಮೊದಲು ಲೆಕ್ಕ ನೋಡಿ. ನಾಕೌಟ್‌ನಲ್ಲಿ ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ. ಹಾಗಾಗಿ 68 ತಂಡಕ್ಕೆ 67 ಪಂದ್ಯ. 2024-25ರಲ್ಲಿ ಮೊದಲ ದರ್ಜೆಯಲ್ಲಿದ್ದ ಪುರುಷರ ತಂಡಗಳು 364. ಎಲ್ಲವೂ ಆಡಿದರೆ 363 ಪಂದ್ಯ. ಮೊದಲ ಸುತ್ತಿನಲ್ಲಿ 148 ತಂಡಗಳಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ), ಉಳಿದ 216 ತಂಡಗಳ ನಡುವೆ 108 ಪಂದ್ಯ. ಆಮೇಲಿನ ಸುತ್ತಿನಲ್ಲಿ 128 ಪಂದ್ಯ, ಅದರ ಮುಂದಿನದರಲ್ಲಿ 64. ಅಂದರೆ ಈಗಿನ 64 ತಂಡಗಳ ಸುತ್ತಿಗೆ ಬಂದು ನಿಲ್ಲುವಷ್ಟರಲ್ಲೇ 300 ಪಂದ್ಯ ಮುಗಿದಿರುತ್ತದೆ.

ದಿನ ಎಲ್ಲಿಂದ ತರುವುದು? ಈಗ ಗುರುವಾರ ಗೆದ್ದವರು ಶನಿವಾರ, ಶುಕ್ರವಾರ ಗೆದ್ದವರು ಭಾನುವಾರ ಆಡುತ್ತಾರೆ. ವಾರಾಂತ್ಯಕ್ಕೆ ಎರಡೇ ಸುತ್ತು. ಇನ್ನೂ ಮೂರು ಸುತ್ತಿಗೆ ಎರಡು ವಾರ ಬೇಕು. ಫೈನಲ್ ಏಪ್ರಿಲ್ ಮೂರನೇ ವಾರಕ್ಕೆ ಜಾರಿದರೆ ವೃತ್ತಿಪರ ಲೀಗ್ ಎನ್‌ಬಿಎಯ ಪ್ಲೇಆಫ್ ಎದುರಾಗುತ್ತದೆ, ಪರೀಕ್ಷೆಯೂ ಹತ್ತಿರ. ಮುಂದೂಡುವುದು ಬೇಡವೆಂದರೆ ಮಾರ್ಚ್ ಮೊದಲಾರ್ಧದ ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಪಂದ್ಯಾವಳಿಗಳನ್ನು ಕೈಬಿಡಬೇಕು.

ಎಡವಟ್ಟಾಗುವುದು ಅಲ್ಲೇ. ಆ ಪಂದ್ಯಾವಳಿ ಗೆದ್ದ ಚಾಂಪಿಯನ್ನರಿಗೆ ನೇರ ಪ್ರವೇಶವಿದೆ; 2024-25ರಲ್ಲಿ ಅಂಥವರು 31. ಆಯ್ಕೆ ಸಮಿತಿ ಆರಿಸಿದ್ದು ಉಳಿದ 37 ತಂಡಗಳನ್ನು ಮಾತ್ರ. ನಮ್ಮಲ್ಲಿ ದಕ್ಷಿಣ ವಲಯದಲ್ಲಿ ಗೆದ್ದು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಮಟ್ಟಕ್ಕೆ ಏರುವ ಹಾಗೆ. ಇಡೀ ಸೀಸನ್ ಸೋತ ತಂಡವೂ ಕಾನ್ಫರೆನ್ಸ್ ಪಂದ್ಯಾವಳಿಯ ವಾರದಲ್ಲಿ ಸತತವಾಗಿ ಗೆದ್ದರೆ ಒಳಗೆ ಬರಬಹುದು. ಹೊರಗುಳಿಯುವವರು ಕೆಲವರೇ: ಐವಿ ಲೀಗ್ ಎಂಬ ಕಾನ್ಫರೆನ್ಸ್ ತನ್ನ ಎಂಟು ತಂಡಗಳಲ್ಲಿ ನಾಲ್ಕನ್ನಷ್ಟೇ ಆಡಿಸುತ್ತದೆ. ನೀವು ಕೇಳುವ ಬಾಗಿಲು ಹೆಚ್ಚುಕಡಿಮೆ ಆಗಲೇ ತೆರೆದಿದೆ.

ಪ್ರಶ್ನೆ: ಬಲ್ಲವರು ಯಾರಾದರೂ ಹೀಗೆ ಕೇಳಿದ್ದುಂಟೆ?

ಉತ್ತರ: ಉಂಟು. 2020ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಕಾನ್ಫರೆನ್ಸ್‌ಗಳಲ್ಲೊಂದಾದ ಎಸಿಸಿಯ ಕೋಚ್‌ಗಳೇ ಒಮ್ಮತದಿಂದ ಕೇಳಿದ್ದರು. ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ಮೈಕ್ ಶಷೆಫ್‌ಸ್ಕಿ ಬಹಿರಂಗವಾಗಿ ಬೆಂಬಲಿಸಿದರು. ಕೋವಿಡ್ ಸೀಸನ್ನಿನಲ್ಲಿ ಬೇರೆ ಬೇರೆ ಕಾನ್ಫರೆನ್ಸ್ ತಂಡಗಳು ಎದುರುಬದುರಾಗುವುದೇ ಅನುಮಾನವಿತ್ತು, ತೂಗಿ ನೋಡಲು ತಕ್ಕಡಿಯೇ ಇರಲಿಲ್ಲ. ಆ ಒಂದು ವರ್ಷದ ಮಟ್ಟಿಗೆ ವಾದದಲ್ಲಿ ಹುರುಳಿತ್ತು. ಒಪ್ಪಿಗೆ ಸಿಗಲಿಲ್ಲ; 2021ರಲ್ಲಿ 68 ತಂಡಗಳ ಪಂದ್ಯಾವಳಿಯೇ ಇಂಡಿಯಾನಾ ರಾಜ್ಯದಲ್ಲಿ ನಡೆಯಿತು.

ತಮಾಷೆಯೆಂದರೆ, ಎಲ್ಲರನ್ನೂ ಆಡಿಸುವ ಪದ್ಧತಿ ಅದೇ ಇಂಡಿಯಾನಾದ ಹೈಸ್ಕೂಲುಗಳಲ್ಲಿ ಬಹುಕಾಲದಿಂದ ಇದೆ. 1954ರಲ್ಲಿ 161 ವಿದ್ಯಾರ್ಥಿಗಳ ಮಿಲಾನ್ ಶಾಲೆ, ಮನ್ಸಿ ಸೆಂಟ್ರಲ್ಲನ್ನು 32-30ರಿಂದ ಸೋಲಿಸಿ ರಾಜ್ಯ ಗೆದ್ದಿತ್ತು. ಅಲ್ಲಿ ಆರಂಭಿಕ ಸುತ್ತುಗಳು ಅಕ್ಕಪಕ್ಕದ ಶಾಲೆಗಳ ನಡುವೆ. ಬಸ್ಸಿನಲ್ಲಿ ಹೋಗಿ ರಾತ್ರಿಯೇ ವಾಪಸ್. ಹವಾಯಿಯಿಂದ ಮೇಯ್ನ್‌ವರೆಗೆ ಹರಡಿದ ಕಾಲೇಜುಗಳಿಗೆ ಆ ಅನುಕೂಲವಿಲ್ಲ. ಶ್ರೇಯಾಂಕ ಬಿಟ್ಟು ಊರಿನ ದೂರ ನೋಡಿ ಡ್ರಾ ಹಾಕಿದರೆ ಸಾಧ್ಯ, ಆದರೆ ಆಗ ಎರಡು ಬಲಿಷ್ಠ ತಂಡಗಳು ಮೊದಲ ದಿನವೇ ಸೆಣಸಬೇಕಾದೀತು.

ಪ್ರಶ್ನೆ: ಹಾಗಾದರೆ ಇನ್ನಷ್ಟು ತಂಡ ಸೇರಿಸುವುದೇ ತಪ್ಪೇ?

ಉತ್ತರ: ಅಲ್ಲ. 1939ರಲ್ಲಿ ಎಂಟೇ ತಂಡಗಳಿದ್ದವು; 1985ಕ್ಕೆ 64, 2011ಕ್ಕೆ 68 ಆಯಿತು. ಅದೇ 2011ರಲ್ಲಿ ವಿಸಿಯು (ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ) ‘ಫಸ್ಟ್ ಫೋರ್’ ಎಂಬ ಹೊಸ ಪ್ರವೇಶ ಸುತ್ತಿನಿಂದ ಹೊರಟು ಫೈನಲ್ ಫೋರ್, ಅಂದರೆ ಸೆಮಿಫೈನಲ್, ಮುಟ್ಟಿತು. ಸೇರಿಸುವುದಾದರೆ ಯಾರನ್ನು ಎಂಬುದನ್ನು ನೋಡಿ. ಹೆಚ್ಚುವರಿ ಸ್ಥಾನಗಳನ್ನು ಸಮಿತಿಯ ಕೈಗೆ ಕೊಟ್ಟರೆ ಅವು ಬಹುಪಾಲು ದೊಡ್ಡ ಕಾನ್ಫರೆನ್ಸ್‌ಗಳ ಮಧ್ಯಮ ತಂಡಗಳಿಗೇ ಹೋಗುತ್ತವೆ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದೂ ಕಾನ್ಫರೆನ್ಸ್ ಪಂದ್ಯಾವಳಿಯಲ್ಲಿ ಒಂದೇ ಸಂಜೆ ಎಡವಿದ ಸಣ್ಣ ಕಾಲೇಜಿಗೆ ಆ ಸ್ಥಾನಗಳನ್ನು ಮೀಸಲಿಡುವುದು ನ್ಯಾಯ.