ಪ್ಲಂಬರ್ ತರಬೇತಿ: ಸೇರಿಸುವ ಮೊದಲು ವರ್ಕ್‌ಶಾಪ್ ನೋಡಿ ಬನ್ನಿ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಪಿಯುಸಿ ಬೇಡ, ಪ್ಲಂಬಿಂಗ್ ಕಲಿಯುತ್ತೇನೆ ಎನ್ನುತ್ತಾನೆ. ನಮ್ಮೂರಿನ ಖಾಸಗಿ ಸಂಸ್ಥೆಯೊಂದು ಮೂರೇ ತಿಂಗಳಲ್ಲಿ ‘ಡಿಪ್ಲೊಮಾ’ ಕೊಟ್ಟು ಕೆಲಸವನ್ನೂ ಕೊಡಿಸುವುದಾಗಿ ಹೇಳುತ್ತಿದೆ. ಐಟಿಐಗೆ ಸೇರಿದರೆ ಒಂದು ವರ್ಷ ಬೇಕಂತೆ. ಯಾವುದು ಒಳ್ಳೆಯದು? ಗಾರೆ ಕೆಲಸಕ್ಕೆ ಹೋಗುವ ನನ್ನ 26 ವರ್ಷದ ತಮ್ಮನಿಗೂ ಇದನ್ನು ಕಲಿಯುವ ಆಸೆಯಿದೆ.
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ಮಗನನ್ನು ಐಟಿಐಗೇ ಸೇರಿಸಿ. ಪ್ಲಂಬರ್ ಕೋರ್ಸಿಗೆ ಎಂಟನೇ ತರಗತಿ ಪಾಸಾದವರನ್ನೂ ತೆಗೆದುಕೊಳ್ಳುವುದರಿಂದ ಅಂಕಗಳ ಬಗ್ಗೆ ಅಳುಕು ಬೇಡ. ಕೊನೆಯಲ್ಲಿ ಅಖಿಲ ಭಾರತ ವೃತ್ತಿ ಪರೀಕ್ಷೆ ಪಾಸಾದವರಿಗೆ ಸಿಗುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯಿದೆ; ಅದರ ಮೇಲೆ, 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತಲೇ ಕೆಲಸದಲ್ಲಿ ಪಳಗುವ ದಾರಿಯೂ ಇದೆ. ಪಾಲಿಟೆಕ್ನಿಕ್ ಡಿಪ್ಲೊಮಾಕ್ಕೆ ಮೂರು ವರ್ಷ ಹಿಡಿಯುವಾಗ ಮೂರು ತಿಂಗಳಲ್ಲಿ ಡಿಪ್ಲೊಮಾ ಎಂದರೆ ಅನುಮಾನಪಡಲು ಆ ಹೆಸರೇ ಸಾಕು.

ಆದರೆ ಐಟಿಐ ಎಂಬ ಬೋರ್ಡು ಕಂಡ ಮಾತ್ರಕ್ಕೆ ಶುಲ್ಕ ಕಟ್ಟಬೇಡಿ. ಮಾನ್ಯತೆ ಕೊಡುವುದು ಒಂದೊಂದು ವೃತ್ತಿಗೂ ಪ್ರತ್ಯೇಕವಾಗಿ. ಎಲೆಕ್ಟ್ರಿಷಿಯನ್, ಫಿಟ್ಟರ್ ಕೋರ್ಸುಗಳಿಗೆ ಮಾನ್ಯತೆಯಿರುವ ಸಂಸ್ಥೆಯಲ್ಲಿ ಪ್ಲಂಬರ್‌ ಕೋರ್ಸಿಗೆ ಇಲ್ಲದಿರಬಹುದು. ಆದ್ದರಿಂದ ಪ್ಲಂಬರ್ ವೃತ್ತಿಯ ಮಾನ್ಯತಾ ಪತ್ರವನ್ನೇ ಕೇಳಿ ನೋಡಿ.

ಅನಂತರ ಪಾಠ ನಡೆಯುತ್ತಿರುವ ದಿನವೇ ಮಗನೊಂದಿಗೆ ವರ್ಕ್‌ಶಾಪಿಗೆ ಹೋಗಿ. ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ಸಾಲ್ವೆಂಟ್ ಅಂಟು ಹಚ್ಚಿ ಕೂಡಿಸುವುದನ್ನು ಯಾವ ಕೆಲಸಗಾರನ ಕೈಕೆಳಗಾದರೂ ಬೇಗ ಕಲಿಯಬಹುದು, ಅದಕ್ಕೆ ಶಾಲೆ ಬೇಕಿಲ್ಲ. ಜಿಐ (ಸತು ಲೇಪಿತ ಕಬ್ಬಿಣದ) ಪೈಪನ್ನು ಹಿಡಿಕೆ ಯಂತ್ರವಾದ ವೈಸಿಗೆ ಬಿಗಿದು ಹುಡುಗರೇ ಡೈ ಎಂಬ ಸಲಕರಣೆ ತಿರುಗಿಸಿ ಥ್ರೆಡ್ (ತಿರುಪಿನ ಗೆರೆ) ಹಾಕುತ್ತಾರೆಯೇ, ಪಿಪಿಆರ್ ಎಂಬ ಪ್ಲಾಸ್ಟಿಕ್ ಪೈಪನ್ನು ಕಾಯಿಸಿ ಬೆಸೆಯುವ ಯಂತ್ರವಿದೆಯೇ, ಜೋಡಿಸಿದ ಲೈನಿಗೆ ಪಂಪಿನಿಂದ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುತ್ತಾರೆಯೇ ಎಂಬುದನ್ನು ಗಮನಿಸಿ. ಹೊಲಸು ನೀರಿನ ಪೈಪಿಗೆ ಎಷ್ಟು ಇಳಿಜಾರು ಬೇಕು, ಟ್ರ್ಯಾಪಿನಲ್ಲಿ (ನೀರು ನಿಲ್ಲುವಂತೆ ಬಾಗಿಸಿದ ಪೈಪಿನ ಭಾಗ) 50 ಮಿಲಿಮೀಟರ್ ನೀರು ಏಕೆ ನಿಲ್ಲಬೇಕು ಎಂದು ಅಲ್ಲಿನ ವಿದ್ಯಾರ್ಥಿಯೊಬ್ಬನನ್ನು ಕೇಳಿ. ಆ ನೀರು ಚರಂಡಿಯ ದುರ್ವಾಸನೆ ಮನೆಯೊಳಗೆ ಬರದಂತೆ ತಡೆಯುತ್ತದೆಂದು ಅವನು ತಡವರಿಸದೆ ಹೇಳಿದರೆ ಪಾಠ ಸರಿಯಾಗಿ ನಡೆಯುತ್ತಿದೆ ಎಂದರ್ಥ. ಮೂಲೆಯಲ್ಲಿ ತುಂಡು ಪೈಪುಗಳ ರಾಶಿಯಿದ್ದರೆ ಸಂತೋಷಪಡಿ. ಸಲಕರಣೆಗಳೆಲ್ಲ ಬಣ್ಣ ಮಾಸದೆ ಗೋಡೆಯ ಮೇಲೆ ತೂಗುತ್ತಿದ್ದರೆ, ಅವು ಇರುವುದು ತಪಾಸಣೆಗೆ ಬಂದವರಿಗೆ ತೋರಿಸಲು ಎಂದುಕೊಳ್ಳಿ.

ಕೆಲಸ ಕೊಡಿಸುವ ಭರವಸೆಯ ವಿಷಯ: ಕಳೆದ ವರ್ಷ ಕಲಿತು ಹೋದ ಇಬ್ಬರು ಮೂವರನ್ನು ನೀವೇ ಹುಡುಕಿ ಮಾತನಾಡಿಸಿ.

ನಿಮ್ಮ ತಮ್ಮನವರ ಪರಿಸ್ಥಿತಿ ಬೇರೆ. ದುಡಿಯುವವರು ವರ್ಷವಿಡೀ ತರಗತಿಯಲ್ಲಿ ಕೂರುವುದು ಕಷ್ಟ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಆರ್‌ಸೆಟಿ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ಕೇಂದ್ರಗಳು, 18 ವರ್ಷ ದಾಟಿದ ಗ್ರಾಮೀಣ ಯುವಜನರಿಗೆ ಊಟ, ವಸತಿಯೊಂದಿಗೆ ಉಚಿತವಾಗಿ ಅಲ್ಪಾವಧಿ ತರಬೇತಿ ಕೊಡುತ್ತವೆ. ಗೋಡೆ, ನೆಲದ ಕೆಲಸ ಬಲ್ಲ ಅವರಿಗೆ ಅಷ್ಟು ತರಬೇತಿಯೂ ಒಳ್ಳೆಯ ಆರಂಭವೇ. ಪ್ಲಂಬಿಂಗ್ ತಂಡ ಯಾವಾಗ ಶುರುವಾಗುತ್ತದೆ ಎಂಬುದನ್ನು ಜಿಲ್ಲೆಯ ಆರ್‌ಸೆಟಿಯಲ್ಲೋ ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಬ್ಯಾಂಕ್) ಕಚೇರಿಯಲ್ಲೋ ವಿಚಾರಿಸಿ, ಮೊದಲೇ ಹೆಸರು ಬರೆಸಲು ಹೇಳಿ.