ಸಿಬಿಲ್ ಸ್ಕೋರ್ ಕಡಿಮೆಯಿದ್ದರೆ ಮನೆ ಸಾಲ ಸಿಗುವುದಿಲ್ಲವೇ?

ಪ್ರಶ್ನೆ: ನಾನು ಶಿವಮೊಗ್ಗದ ಖಾಸಗಿ ಸಂಸ್ಥೆಯೊಂದರ ಉದ್ಯೋಗಿ. ತೀರ್ಥಹಳ್ಳಿಯಲ್ಲಿರುವ ನಿವೇಶನದಲ್ಲಿ ಮನೆ ಕಟ್ಟಲು 25 ಲಕ್ಷ ರೂಪಾಯಿ ಸಾಲ ಬೇಕಾಗಿದೆ. ಕೋವಿಡ್ ಕಾಲದಲ್ಲಿ ಸಂಬಳ ನಿಂತು ಕ್ರೆಡಿಟ್ ಕಾರ್ಡ್ ಬಾಕಿ ಬೆಳೆದಾಗ, ಬ್ಯಾಂಕಿನವರು ಒಪ್ಪಿದ ಕಡಿಮೆ ಮೊತ್ತವನ್ನು ಒಂದೇ ಬಾರಿಗೆ ಕಟ್ಟಿ ಮುಗಿಸಿದ್ದೆ. ಈಗ ಸಿಬಿಲ್ ಸ್ಕೋರ್ 648 ಮಾತ್ರ ಇದೆಯೆಂದು ಎರಡು ಬ್ಯಾಂಕುಗಳು ಅರ್ಜಿ ತಿರಸ್ಕರಿಸಿವೆ. ಹಣ ಕೊಟ್ಟರೆ ತಿಂಗಳೊಳಗೆ ಸ್ಕೋರ್ ಏರಿಸಿಕೊಡುವುದಾಗಿ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಬಾಕಿಯ ದಾಖಲೆಯನ್ನು ಅಳಿಸುವ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ. ತಪ್ಪು ದಾಖಲೆಯಿದ್ದರೆ ಅದನ್ನು ತಿದ್ದಿಸುವ ಹಕ್ಕು ಖರ್ಚಿಲ್ಲದೆ ನಿಮಗೇ ಇದೆ. ಸಾಲ ತೀರಿಸಿದ ನಿಮ್ಮ ಇತಿಹಾಸವನ್ನು ಅಂಕದಲ್ಲಿ ಹೇಳುವ ಈ ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ 750ರ ಆಸುಪಾಸನ್ನು ಬಯಸುತ್ತವೆಯಾದರೂ, ಇಷ್ಟೇ ಇರಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲಿಯೂ ನಿಗದಿ ಮಾಡಿಲ್ಲ.

ಸದ್ಯಕ್ಕೆ ಮೂರನೆಯ ಬ್ಯಾಂಕಿಗೆ ಅರ್ಜಿ ಹಾಕಬೇಡಿ, ಏಕೆಂದರೆ ಪ್ರತಿ ಅರ್ಜಿಯ ವಿಚಾರಣೆಯೂ ನಿಮ್ಮ ಸಾಲದ ಇತಿಹಾಸದ ವರದಿಯಲ್ಲಿ (ಕ್ರೆಡಿಟ್ ರಿಪೋರ್ಟ್) ದಾಖಲಾಗುತ್ತದೆ. ನೀವೇ ನಿಮ್ಮ ವರದಿ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಸಾಲಗಾರರ ಮಾಹಿತಿ ಸಂಗ್ರಹಿಸುವ ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ತರಿಸಿಕೊಂಡು ಸ್ಕೋರನ್ನು ಬದಿಗಿಟ್ಟು, ಕಾರ್ಡಿನ ಖಾತೆಯ ಪುಟ ತೆರೆಯಿರಿ. ಅಲ್ಲಿ ಬಹುಶಃ ‘ಸೆಟಲ್ಡ್’ ಎಂದಿರುತ್ತದೆ, ಕೆಳಗೆ ತಿಂಗಳುವಾರು ಚೌಕಗಳಲ್ಲಿ ಕಂತು ಎಷ್ಟು ದಿನ ತಡವಾಯಿತೆಂಬುದು 030, 060, 090 ಎಂದು ನಮೂದಾಗಿರುತ್ತದೆ. ನಿಮ್ಮ ಲೆಕ್ಕದಲ್ಲಿ ಮುಗಿದ ವ್ಯವಹಾರ ಬ್ಯಾಂಕಿನ ಲೆಕ್ಕದಲ್ಲಿ ಪೂರ್ತಿ ತೀರದ ಸಾಲ. ನಿಮ್ಮ ಅರ್ಜಿಗೆ ಅಡ್ಡ ಬಂದಿರುವುದು ಇದೇ ಇರಬೇಕು. ಆದ್ದರಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಲಿಖಿತವಾಗಿ ಕೇಳಿ, ಬಿಟ್ಟುಕೊಟ್ಟಿದ್ದ ಮೊತ್ತವನ್ನು ಕಟ್ಟಿ, ಬೇಬಾಕಿ ಪತ್ರ ಪಡೆದು, ಖಾತೆಯ ಸ್ಥಿತಿಯನ್ನು ‘ಕ್ಲೋಸ್ಡ್’ ಎಂದು ಬದಲಾಯಿಸುವಂತೆ ಒತ್ತಾಯಿಸಿ. ಹಣ ಕಟ್ಟಿದ ಮೇಲೂ ವರದಿ ಬದಲಾಗದಿದ್ದರೆ ದೂರು ಕೊಡಿ. 30 ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಪಡೆಯಲು ನೀವು ಅರ್ಹರು.

ಇನ್ನೊಂದು ಮಾತನ್ನು ನೀವು ಕೇಳದಿದ್ದರೂ ಹೇಳಲೇಬೇಕು. ನಮ್ಮ ಮಲೆನಾಡಿನಲ್ಲಿ ನೆಂಟರ ಟ್ರ್ಯಾಕ್ಟರ್ ಸಾಲಕ್ಕೆ ದಾಕ್ಷಿಣ್ಯಕ್ಕೆ ಬಿದ್ದು ಜಾಮೀನು ಹಾಕಿ ಮರೆತುಬಿಡುವವರು ಬಹಳ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ದೊಡ್ಡದು, ಮತ್ತು ಅವರು ಕಂತು ತಪ್ಪಿಸಿದರೆ ಅದರ ಕಲೆ ನಿಮ್ಮ ವರದಿಗೂ ತಗಲುತ್ತದೆ. ಅಂಥ ಖಾತೆ ಇದೆಯೇ ಎಂದು ನೋಡಿ.

ಖಾತೆ ಸರಿಯಾದ ಬಳಿಕ ಆರೆಂಟು ತಿಂಗಳು ಎಲ್ಲ ಕಂತುಗಳನ್ನೂ ತಪ್ಪದೆ ಕಟ್ಟಿ, ದುಡಿಯುವ ಪತ್ನಿಯಿದ್ದರೆ ಅವರನ್ನು ಸಹ ಅರ್ಜಿದಾರರನ್ನಾಗಿಸಿ, ಸಾಧ್ಯವಾದಷ್ಟು ಕಡಿಮೆ ಸಾಲ ಕೇಳಿ. 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90ರವರೆಗೆ ಕೊಡಲು ನಿಯಮದಲ್ಲಿ ಅವಕಾಶವಿದ್ದರೂ, ನಿಮ್ಮ ಸ್ಥಿತಿಯಲ್ಲಿ ಶೇ 65ರಷ್ಟು ಕೇಳಿದರೆ ಬ್ಯಾಂಕಿನ ಅಳುಕು ಕಡಿಮೆಯಾಗುತ್ತದೆ. ಈಗಲೇ ಸಾಲ ಕೊಡುವ ಹೌಸಿಂಗ್ ಫೈನಾನ್ಸ್ ಕಂಪನಿಗಳು ಸಿಗಬಹುದು, ಆದರೆ ಬಡ್ಡಿ ಹೆಚ್ಚು. 25 ಲಕ್ಷಕ್ಕೆ 20 ವರ್ಷದ ಅವಧಿಯಲ್ಲಿ ಶೇ 8.5ರ ದರವಾದರೆ ಕಂತು ಸುಮಾರು 21,700 ರೂಪಾಯಿ, ಶೇ 11 ಆದರೆ ಸುಮಾರು 25,800. ಒಟ್ಟು ವ್ಯತ್ಯಾಸ ಹತ್ತಿರಹತ್ತಿರ 10 ಲಕ್ಷ. ಮನೆ ಒಂದು ಮಳೆಗಾಲ ತಡವಾದರೂ ಚಿಂತೆಯಿಲ್ಲ, ಕಾಯುವುದೇ ಲೇಸೆಂದು ನನ್ನ ಸ್ಪಷ್ಟ ಅಭಿಪ್ರಾಯ. ಕಾಯಲಾಗದಿದ್ದರೆ ಬದಲಾಗುವ ಬಡ್ಡಿದರದ ಸಾಲವನ್ನೇ ಆರಿಸಿ. ಅದನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲವಾದ್ದರಿಂದ, ಸ್ಕೋರ್ ಸುಧಾರಿಸಿದಾಗ ಬೇರೆ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಬಹುದು.

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ. ಈವರೆಗೆ ಸಾಲವನ್ನೇ ಮಾಡಿಲ್ಲ. ಸ್ಕೋರೇ ಇಲ್ಲವೆಂದು ಬ್ಯಾಂಕಿನಲ್ಲಿ ಹೇಳುತ್ತಾರೆ. ಇದೂ ದೋಷವೇ?

ಉತ್ತರ: ಅಲ್ಲ. ಸಾಲದ ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ನೀವು ತೋರಿಸಬೇಕಾದದ್ದು ಆದಾಯವನ್ನು. ಅಡಿಕೆಯನ್ನು ಕೈನಗದಿಗೆ ಮಾರಿದರೆ ಯಾವ ಪುರಾವೆಯೂ ಉಳಿಯುವುದಿಲ್ಲ. ಅಡಿಕೆ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ನಲ್ಲೋ ಮಂಡಿಯಲ್ಲೋ ಮಾರಿದ ಪಟ್ಟಿಗಳು, ಆ ಹಣ ಜಮೆಯಾದ ಪಾಸ್‌ಬುಕ್ ಮತ್ತು ಪಹಣಿಯನ್ನು ಜೋಡಿಸಿಡಿ. ತೋಟದ ಸರ್ವೆ ನಂಬರಿನಲ್ಲೇ ಮನೆ ಕಟ್ಟುವ ಯೋಚನೆಯಿದ್ದರೆ ಭೂಪರಿವರ್ತನೆ ಮತ್ತು ಪಂಚಾಯಿತಿ ಇ-ಖಾತೆಯ ಕೆಲಸವನ್ನು ಬ್ಯಾಂಕಿಗೆ ಹೋಗುವ ಮೊದಲೇ ಮುಗಿಸಿಕೊಳ್ಳಿ.