ಮೀನು ಸಿಗದ ರಾತ್ರಿಯ ಖರೀದಿ

ಹವ್ಯಾಸದ ಸಾಮಾನಿಗೆ ಸಾಲ ಮಾಡಿಕೊಂಡು ಆಪ್ತಸಲಹೆಗಾಗಿ ನನ್ನ ಬಳಿ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕ್ಯಾಮೆರಾ, ಸೈಕಲ್, ಗಿಟಾರ್, ಎಲ್ಲದರಲ್ಲೂ ಈ ತೊಂದರೆ ಇದೆ. ಗಾಳ ಹಾಕುವವರದ್ದು ಮಾತ್ರ ಸ್ವಲ್ಪ ಬೇರೆ. ಅದು ಯಾಕೆ ಬೇರೆ ಅಂತ ಬಿಡಿಸಿ ಹೇಳಬೇಕು ಅನ್ನಿಸಿ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.

ಅವರಿಗೆ ನಲವತ್ತು ದಾಟಿದೆ. ಒಳ್ಳೆಯ ಕೆಲಸ, ಹೆಂಡತಿ, ಮಕ್ಕಳು. ದೊಡ್ಡ ಕಾರ್ಪ್ ಮೀನು ಹಿಡಿದು, ತೂಕ ನೋಡಿ, ಮತ್ತೆ ನೀರಿಗೇ ಬಿಡುವ ಹವ್ಯಾಸ. ಎರಡು ಮೂರು ರಾಡ್, ಅಂದರೆ ಗಾಳದ ಕೋಲು, ಸಾಕಾಗುವ ಕಡೆ ಹನ್ನೊಂದು ಇದ್ದವು. ಮೀನು ಕಚ್ಚಿದರೆ ಕೂಗುವ ಅಲಾರಂಗಳು, ಎರೆಯನ್ನು ದೂರ ಒಯ್ದು ಬಿಡುವ ರಿಮೋಟ್ ದೋಣಿ, ನೀರಿನ ತಳ ತೋರಿಸುವ ಸೋನಾರ್ ಬೇರೆ. ಕೆಲವು ಪಾರ್ಸೆಲ್‌ಗಳನ್ನು ಆಫೀಸಿಗೆ ತರಿಸಿಕೊಂಡು ಕಾರಿನ ಡಿಕ್ಕಿಯಲ್ಲೇ ಇಟ್ಟಿದ್ದರು. ಕ್ರೆಡಿಟ್ ಕಾರ್ಡಿನ ಬಿಲ್ ಹೆಂಡತಿಯ ಕೈಗೆ ಸಿಕ್ಕಿತು. "ದುಡ್ಡು ಹೋಯ್ತು ಅನ್ನೋದಕ್ಕಿಂತ ಮುಚ್ಚಿಟ್ಟರಲ್ಲ ಅನ್ನೋದೇ ನನಗೆ ನೋವು" ಎಂದರು ಆಕೆ.

ಮೊದಲ ಭೇಟಿಗಳಲ್ಲಿ ಸಾಲದ ಲೆಕ್ಕ ಬರೆದೆವು. ಇನ್ನೊಂದು ವಿಷಯವನ್ನೂ ನೋಡಿಕೊಂಡೆ. ನಿದ್ದೆಯೇ ಬೇಡ ಅನ್ನಿಸುವಷ್ಟು ಹುರುಪು, ತಡೆಯಿಲ್ಲದ ಮಾತು, ಅದರ ಜೊತೆಗೆ ಕಂಡದ್ದೆಲ್ಲ ಕೊಳ್ಳುವುದು, ಇವೆಲ್ಲ ಒಟ್ಟಿಗೆ ಇದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು, ಮನೋವೈದ್ಯರ ಹತ್ತಿರ ಕಳಿಸಲೇಬೇಕು. ಇವರಲ್ಲಿ ಅದು ಕಾಣಲಿಲ್ಲ. ಬಟ್ಟೆ, ಫೋನು, ಯಾವುದಕ್ಕೂ ಕೈ ಬಿಚ್ಚುವವರಲ್ಲ. ಗಾಳದ ಸಾಮಾನು ಒಂದೇ.

ಗಾಳ ಹಾಕುವ ಅನೇಕರು ಪ್ರತಿ ಸಲವೂ ಏನಾಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಇವರ ಬಳಿಯೂ ಇತ್ತು. ಮುಂದಿನ ಸಲ ಅದನ್ನು ತನ್ನಿ ಎಂದಿದ್ದೆ. ತಂದರು. ಶುರುವಿನ ಪುಟಗಳನ್ನು ಗಟ್ಟಿಯಾಗಿ ಓದಲು ಹೇಳಿದೆ.

"ಬೆಳಗಿನ ಜಾವ. ಗಾಳಿ ಎದುರಿನಿಂದ. ಜೊಂಡಿನ ಪಕ್ಕ ಗುಳ್ಳೆ ಏಳುತ್ತಿತ್ತು. ಎರಡು ಸಲ ಎಳೆದು ಬಿಟ್ಟಿತು. ಬಿಸಿಲು ಏರಿದ ಮೇಲೆ ಏನೂ ಇಲ್ಲ."

ಗುಳ್ಳೆ ಅಂದರೆ ಏನು ಎಂದು ಕೇಳಿದೆ. ಕಾರ್ಪ್ ತಳದ ಕೆಸರನ್ನು ಕೆದಕಿ ಮೇಯುವಾಗ ಮೇಲೆ ಗುಳ್ಳೆ ಬರುತ್ತದೆ, ಅದು ಸಾಲಾಗಿ ಸರಿಯುತ್ತಿದ್ದರೆ ಮೀನು ಎತ್ತ ಹೋಗುತ್ತಿದೆ ಅಂತ ಗೊತ್ತಾಗುತ್ತದೆ ಎಂದು ವಿವರಿಸಿದರು. ಅಲ್ಲಿಯವರೆಗೆ ತಲೆ ಎತ್ತದೆ ಮಾತಾಡುತ್ತಿದ್ದ ಮನುಷ್ಯ, ಕೈಯಲ್ಲಿ ಗುಳ್ಳೆಯ ಸಾಲು ತೋರಿಸಲು ಕುರ್ಚಿಯಿಂದ ಮುಂದೆ ಬಂದರು.

ಆಮೇಲೆ ಕಳೆದ ವರ್ಷದ ಪುಟ ತೆಗೆಸಿದೆ. ರಾಡ್‌ನ ಹೆಸರು, ದಾರ ಸುತ್ತುವ ರೀಲ್‌ನ ಹೆಸರು, ದಾರದ ದಪ್ಪ, ಕೊಕ್ಕೆಯ ನಂಬರ್, ಸೀಸದ ತೂಕ. ಕೊನೆಯಲ್ಲಿ "ಮೀನು ಇಲ್ಲ. ದಾರ ಬದಲಿಸಬೇಕು." ಮುಂದಿನ ಪುಟ, ಅದೇ ಪಟ್ಟಿ. "ಮೀನು ಇಲ್ಲ. ಕೊಕ್ಕೆ ಬದಲಿಸಬೇಕು." ಹೀಗೇ ಓದುತ್ತಾ ಹೋದವರು ನಡುವೆ ನಿಲ್ಲಿಸಿದರು. ಹಿಂದಕ್ಕೂ ಮುಂದಕ್ಕೂ ಪುಟ ತಿರುವಿದರು.

"ಮೇಡಂ, ಇದರಲ್ಲಿ ನೀರೇ ಇಲ್ಲ" ಎಂದರು.

ನಾನು ಏನೂ ಸೇರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಆರ್ಡರ್ ಮಾಡಿದ ದಿನಗಳನ್ನು ಫೋನಿನಲ್ಲಿ ನೋಡಿ ಪುಸ್ತಕದ ಪಕ್ಕ ಇಡಿ ಎಂದೆ. ಒಂದೊಂದೇ ಹೊಂದುತ್ತಾ ಬಂತು. ದೊಡ್ಡ ಖರೀದಿಗಳೆಲ್ಲ ಹೆಚ್ಚುಕಡಿಮೆ ಮೀನು ಸಿಗದೆ ಬರಿಗೈಯಲ್ಲಿ ಬಂದ ದಿನದ ರಾತ್ರಿಯವು. ಮೀನು ಸಿಕ್ಕ ವಾರಗಳಲ್ಲಿ ಅಂಗಡಿಯ ಕಡೆ ತಿರುಗಿಯೂ ನೋಡಿರಲಿಲ್ಲ.

ನನ್ನ ಸಲಹೆಯೆಲ್ಲ ನಿಂತಿರುವುದು ಈ ಹೊಂದಾಣಿಕೆಯ ಮೇಲೆ. ಕ್ಯಾಮೆರಾದವರಿಗೆ ಫೋಟೋ ಯಾಕೆ ಕೆಟ್ಟಿತು ಅಂತ ಪರದೆಯ ಮೇಲೆ ಕಾಣುತ್ತದೆ. ಗಾಳ ಹಾಕುವವರಿಗೆ ನೀರಿನೊಳಗೆ ಏನಾಯಿತು ಅಂತ ಕಾಣುವುದಿಲ್ಲ. ನೀರು ತಣ್ಣಗಾದರೆ ಕಾರ್ಪ್ ಮೇಯುವುದೇ ಕಡಿಮೆ. ಆ ದಿನ ಎಂಥ ಕೊಕ್ಕೆ ಇದ್ದರೂ ಅಷ್ಟೇ. ಆದರೆ "ಇವತ್ತು ಅವು ಮೇಯಲಿಲ್ಲ" ಅನ್ನುವ ಉತ್ತರ ಮನಸ್ಸಿಗೆ ಸಾಲುವುದಿಲ್ಲ. ಅದಕ್ಕೆ ಒಂದು ಕಾರಣ ಬೇಕು. ಅಂಗಡಿ ಆ ಕಾರಣವನ್ನು ಕೊಡುತ್ತದೆ: ನಿಮ್ಮ ದಾರ ಮೀನಿಗೆ ಕಾಣುತ್ತಿದೆ, ನಿಮ್ಮ ಕೊಕ್ಕೆ ಸಾಕಷ್ಟು ಚೂಪಿಲ್ಲ. ಆಮೇಲೆ ಯಾವತ್ತೋ ಮೀನು ಸಿಕ್ಕಾಗ ಹೊಸ ಸಾಮಾನಿಗೆ ಹೆಸರು.

ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಹಕ್ಕಿ ಏನೇ ಮಾಡಲಿ, ಬಿಡಲಿ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಸಿಗುತ್ತಿತ್ತು. ಆದರೂ ಹೆಚ್ಚಿನ ಹಕ್ಕಿಗಳು ಕಾಳು ಬಂದಾಗ ತಾವು ಮಾಡುತ್ತಿದ್ದುದನ್ನೇ ಮತ್ತೆ ಮತ್ತೆ ಮಾಡತೊಡಗಿದವು. ಒಂದು ಸುತ್ತು ತಿರುಗುತ್ತಿತ್ತು, ಒಂದು ತಲೆ ಆಡಿಸುತ್ತಿತ್ತು. ಇದನ್ನು ಹೇಳಿದಾಗ ಅವರಿಗೆ ಬೇಜಾರಾಗಲಿಲ್ಲ. ತಾನು ದಡ್ಡನಲ್ಲ, ಮನಸ್ಸು ಕೆಲಸ ಮಾಡುವ ರೀತಿಯೇ ಇದು ಎಂದು ತಿಳಿದು ಹಗುರಾದರು.

ಎಲ್ಲ ಸಾಮಾನೂ ಮೋಸ ಎಂದು ನಾನು ಹೇಳುತ್ತಿಲ್ಲ. ಕಾರ್ಬನ್ ನಾರಿನ ರಾಡ್ ಹಳೆಯ ಬಿದಿರಿನದ್ದಕ್ಕಿಂತ ಹಗುರ, ದೂರ ಎಸೆಯುತ್ತದೆ. ನಿಜವೇ. ಆದರೆ ರಾಡ್ ಮೇಲೆ ಬರೆಯುವ ಐಎಂ6 ಮುಂತಾದ ಗುರುತುಗಳು ನಾರು ತಯಾರಕರ ವ್ಯಾಪಾರದ ಹೆಸರಾಗಿ ಬಂದವು. ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಅಳತೆ ಅಲ್ಲ. ನಾರು ಗಡುಸಾದಷ್ಟೂ ಪೆಟ್ಟು ಬಿದ್ದರೆ ರಾಡ್ ಮುರಿಯುವ ಭಯ ಜಾಸ್ತಿ. ರೀಲ್‌ನಲ್ಲಿ ಬೇರಿಂಗ್ ಎಷ್ಟಿವೆ ಅನ್ನೋದು ಅವು ಎಷ್ಟು ಚೆನ್ನಾಗಿವೆ ಅಂತ ಹೇಳುವುದಿಲ್ಲ. ಇದೆಲ್ಲ ನನಗೆ ಕಲಿಸಿದವರು ಅವರೇ. ಗೊತ್ತಿದ್ದೂ ಕೊಂಡಿದ್ದರು. ತಿಳಿವಳಿಕೆ ಹೇಳಿದರೆ ಸಾಕು ಎಂದುಕೊಳ್ಳುವ ಮನೆಯವರು ಇದನ್ನು ಗಮನಿಸಬೇಕು.

ಅವರು ಮೆಚ್ಚುವ ಹಳಬರ ಬಗ್ಗೆಯೂ ಕೇಳಿದೆ. ರಿಚರ್ಡ್ ವಾಕರ್ 1952ರಲ್ಲಿ ಇಂಗ್ಲೆಂಡಿನ ರೆಡ್ಮೈರ್ ಕೊಳದಲ್ಲಿ 44 ಪೌಂಡ್ ತೂಕದ ಕಾರ್ಪ್ ಹಿಡಿದು ದಾಖಲೆ ಮಾಡಿದರು. ಅದಕ್ಕೆ ಬಳಸಿದ ರಾಡ್ ವಾಕರ್ ಅವರೇ ಯೋಚಿಸಿ ಮಾಡಿದ್ದು. ಮೀನು ಎಳೆದಾಗ ಕೂಗುವ ಅಲಾರಂ ಕೂಡ ಅವರೇ ಕಟ್ಟಿದ್ದು. ಇವತ್ತು ಕಾರ್ಪ್ ಹಿಡಿಯುವ ಅನೇಕರು ಬಳಸುವ ಹೇರ್ ರಿಗ್, ಅಂದರೆ ಎರೆಯನ್ನು ಕೊಕ್ಕೆಗೆ ಚುಚ್ಚದೆ ಪಕ್ಕದಲ್ಲಿ ಜೋತುಬಿಡುವ ಕ್ರಮ, ಲೆನ್ನಿ ಮಿಡಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಕಂಡುಕೊಂಡದ್ದು. ಮೊದಲಿಗೆ ನಿಜವಾದ ತಲೆಕೂದಲನ್ನೇ ಕಟ್ಟಿದ್ದರಂತೆ. ಮೀನು ಎರೆಯನ್ನು ಬಾಯಿಗೆ ಎಳೆದು ಹೇಗೆ ಉಗುಳುತ್ತದೆ ಎಂದು ನೋಡಿ ನೋಡಿ ಹೊಳೆದ ಉಪಾಯ. ಈಗ ಅದೇ ಕಟ್ಟು ಪ್ಯಾಕೆಟ್‌ನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುತ್ತದೆ.

ನಾನು ಕೊಟ್ಟ ಸಲಹೆ ಇದು. ಪೂರ್ತಿ ಸಾಲದ ಮೊತ್ತ ಹೆಂಡತಿಗೆ ಆ ದಿನವೇ ಗೊತ್ತಾಗಬೇಕು. ಕಾರ್ಡಿನ ವಿವರ ಫೋನಿನಿಂದ ಅಳಿಸಬೇಕು. ತೆರೆಯದ ಪೆಟ್ಟಿಗೆಗಳನ್ನು ವಾಪಸ್ ಕೊಡಬೇಕು ಅಥವಾ ಮಾರಬೇಕು, ಉಳಿದದ್ದು ಇರಲಿ. ಒಂದು ಋತು ಪೂರ್ತಿ ಎರೆ, ಕೊಕ್ಕೆ, ಸವೆದ ದಾರಕ್ಕೆ ಬದಲಿ ದಾರ ಬಿಟ್ಟು ಬೇರೇನೂ ಕೊಳ್ಳಬಾರದು. ಮೀನು ಸಿಗದ ದಿನ, ಮತ್ತೊಮ್ಮೆ ನೀರಿಗೆ ಹೋಗಿ ಬರುವವರೆಗೆ ಅಂಗಡಿಯ ಆಪ್ ತೆರೆಯಬಾರದು. ಪುಸ್ತಕದಲ್ಲಿ ಮೊದಲು ನೀರು, ಗಾಳಿ, ಮೀನಿನ ಸುಳಿವು. ಸಾಮಾನಿಗೆ ಕೊನೆಯ ಒಂದು ಸಾಲು.

ಹವ್ಯಾಸವನ್ನೇ ಬಿಡಿಸಬೇಕಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಜೂಜಿನ ಚಟದಲ್ಲಿ ಆಟವೇ ಹಾನಿ. ಇಲ್ಲಿ ಹಾನಿಯಾದದ್ದು ನೀರಿನ ದಂಡೆಯಲ್ಲಿ ಅಲ್ಲ, ರಾತ್ರಿ ಸೋಫಾದ ಮೇಲೆ. ಗಾಳವನ್ನು ಕಿತ್ತುಕೊಂಡರೆ ಆ ಮನುಷ್ಯನಿಗೆ ಇದ್ದ ಒಂದೇ ಬಿಡುವು ಹೋಗುತ್ತದೆ, ಸೋಫಾ ಮತ್ತು ಫೋನು ಮಾತ್ರ ಉಳಿಯುತ್ತವೆ. ಮುಚ್ಚಿಟ್ಟು ಕೊಳ್ಳುವುದು ಮುಂದುವರಿದಿದ್ದರೆ, ಅಥವಾ ಬೇರೆ ವಸ್ತುಗಳಿಗೆ ಹಬ್ಬಿದ್ದರೆ, ಬೇರೆ ದಾರಿಯನ್ನೇ ಹಿಡಿಯುತ್ತಿದ್ದೆ.

ಸಾಲ ಇನ್ನೂ ತೀರಿಲ್ಲ. ಹೆಂಡತಿಗೆ ನಂಬಿಕೆ ಪೂರ್ತಿ ಮರಳಿಲ್ಲ, ಅದಕ್ಕೆ ಅವಸರ ಮಾಡಬೇಡಿ ಎಂದು ಅವರಿಗೆ ಹೇಳಿದ್ದೇನೆ. ನಡುವೆ ಒಮ್ಮೆ ರೀಲ್ ಆರ್ಡರ್ ಮಾಡಿ, ಮರುದಿನ ಬೆಳಗ್ಗೆ ತಾವೇ ಹೆಂಡತಿಗೆ ಹೇಳಿ ರದ್ದು ಮಾಡಿಸಿದರು.

ಮನೆಯಲ್ಲಿ ಇಂಥವರು ಇದ್ದರೆ, "ಯಾಕೆ ತಗೊಂಡೆ" ಎಂದು ಕೇಳಬೇಡಿ. ಅದಕ್ಕೆ ಅವರ ಬಳಿ ನೂರು ಉತ್ತರ ಇರುತ್ತದೆ, ಎಲ್ಲವೂ ಸಾಮಾನಿನ ಬಗ್ಗೆ. "ಯಾವತ್ತು ತಗೊಂಡೆ, ಆವತ್ತು ಏನಾಗಿತ್ತು" ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕುಳಿತಿರಿ.